ಬರುವ ಫೋನ್‌ಗಳ ಬೆಲೆ ಎಷ್ಟಾಗಬಹುದು, ಎಷ್ಟು ಜಿಬಿ ತೆಗೆದುಕೊಳ್ಳಬೇಕು? ಮಲೆನಾಡಿನವರು ಹೇಳಿ

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಈಗ 2026ರ ಜನವರಿ, ನಮ್ಮಲ್ಲಿ ಅಡಿಕೆ ಕೊಯ್ಲು ಮುಗಿಯಿತು. ಸುಲಿದು ಬೇಯಿಸುವುದು ಇನ್ನೊಂದು ವಾರದ ಕೆಲಸ ಇದೆ. ಒಣಗಿಸಿ ಮಂಡಿಗೆ ಹಾಕಿದ ಮೇಲೆ ಕೈಗೆ ದುಡ್ಡು ಬರುತ್ತದೆ. ಈ ಸಲ ಮನೆಗೆ ಮೂರು ಫೋನ್ ಆಗಬೇಕು. ಮಗಳಿಗೆ ಒಂದು, ಅಪ್ಪಯ್ಯನಿಗೆ ಒಂದು, ನನಗೆ ಒಂದು.

ನನಗೆ ಒಂದು ಅಭ್ಯಾಸ ಇದೆ. ರಾಶಿ, ಬೆಟ್ಟೆ ಅಡಿಕೆಯ ಧಾರಣೆ ಬರೆದಿಡುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹೊಸ ಫೋನ್‌ಗಳ ಬೆಲೆ ಬರೆದಿಡುತ್ತೇನೆ. ಮೊದಲ ದಿನದ ಬೆಲೆ ಎಷ್ಟು, ಅದಕ್ಕೆ ಎಷ್ಟು ಜಿಬಿ ಕೊಟ್ಟರು, ಇಷ್ಟೇ. ಐದಾರು ವರ್ಷ ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು.

ಐಫೋನ್ 12 ಬಂದದ್ದು 2020ರಲ್ಲಿ. ಬೆಲೆ 79,900 ರೂಪಾಯಿ, ಸ್ಟೋರೇಜ್ 64 ಜಿಬಿ. 2021ರಲ್ಲಿ ಐಫೋನ್ 13 ಅದೇ 79,900ಕ್ಕೆ ಬಂತು, ಆದರೆ 128 ಜಿಬಿ ಕೊಟ್ಟರು. 14, 15, 16 ಎಲ್ಲವೂ ಅದೇ 79,900, ಅದೇ 128 ಜಿಬಿ. ಕಳೆದ ಸೆಪ್ಟೆಂಬರ್‌ನಲ್ಲಿ ಐಫೋನ್ 17 ಬಂದಾಗ ಬೆಲೆ 82,900 ಆಯಿತು. ಮೂರು ಸಾವಿರ ಏರಿತು ಅಂತ ಎಲ್ಲರೂ ಬೈದರು. ಆದರೆ ಅದು 256 ಜಿಬಿ ಫೋನ್. 16ರಲ್ಲಿ 256 ಜಿಬಿ ಬೇಕಾದರೆ 89,900 ಕೊಡಬೇಕಿತ್ತು. ಜಿಬಿ ಸಮ ಮಾಡಿ ನೋಡಿದರೆ ಏಳು ಸಾವಿರ ಇಳಿದಿದೆ ಅಲ್ವಾ?

ಅದಕ್ಕೇ ನಾನು ಹೇಳುವುದು, ಬರೀ ಬೆಲೆ ಊಹಿಸಿದರೆ ಪ್ರಯೋಜನ ಇಲ್ಲ. ಎಷ್ಟು ಜಿಬಿಗೆ ಆ ಬೆಲೆ ಅನ್ನುವುದನ್ನೂ ಜೊತೆಗೇ ಊಹಿಸಬೇಕು. ಕಂಪನಿಯವರು ಎಷ್ಟೋ ಸಲ ಬೆಲೆಯನ್ನು ಮುಟ್ಟದೆ ಸ್ಟೋರೇಜನ್ನು ಮಾತ್ರ ಬದಲಾಯಿಸುತ್ತಾರೆ.

ಈಗ ಮುಂದೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್26 ಬರಬೇಕು, ಕಡಿಮೆ ಬೆಲೆಯ ಐಫೋನ್ 17ಇ ಬರುತ್ತದೆ ಅನ್ನುವ ಸುದ್ದಿ ಇದೆ. ಕಾಯಬೇಕಾ, ಈಗಲೇ ತೆಗೆದುಕೊಳ್ಳಬೇಕಾ? ನಿಮ್ಮ ಊಹೆ ಹೇಳಿ. ಸುಮ್ನೆ ಅಂದಾಜು ಬೇಡ, ಯಾಕೆ ಹಾಗೆ ಅನ್ನಿಸಿತು ಅಂತಲೂ ಬರೆಯಿರಿ.

ನೆಹರು ರಸ್ತೆ ಅಂಗಡಿ, ಶಿವಮೊಗ್ಗ

ಅಣ್ಣಾ, ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಕಾದರೆ ಬೆಲೆ ಇಳಿಯುತ್ತದೆ" ಅಂತ ಇಷ್ಟು ವರ್ಷ ನಾನೇ ಗಿರಾಕಿಗಳಿಗೆ ಹೇಳುತ್ತಿದ್ದೆ. ಈ ವರ್ಷ ಹೇಳುತ್ತಿಲ್ಲ.

ಕಾರಣ ಮೆಮೊರಿ ಚಿಪ್. ಫೋನ್‌ನ ರ‍್ಯಾಮ್ (ಫೋನ್ ಓಡುವಾಗ ಬಳಸುವ ಮೆಮೊರಿ) ಮಾಡುವ ದೊಡ್ಡ ಕಂಪನಿಗಳು ಪ್ರಪಂಚದಲ್ಲಿ ಮೂರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐಗೆ ಬೇಕಾದ ದೊಡ್ಡ ಸರ್ವರ್‌ಗಳಿಗೆ ಬೇರೆ ಜಾತಿಯ ಮೆಮೊರಿ ಬೇಕು, ಅದರಲ್ಲಿ ಲಾಭ ಜಾಸ್ತಿ. ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿವೆ. ಫೋನ್‌ಗೆ ಬೇಕಾದ ಮೆಮೊರಿ ಕಮ್ಮಿ ಆಯಿತು, ರೇಟು ಏರಿತು. ಮೈಕ್ರಾನ್ ಅಂತೂ ಕಳೆದ ಡಿಸೆಂಬರ್‌ನಲ್ಲಿ ಸಾಮಾನ್ಯ ಜನರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು.

ದೀಪಾವಳಿ ಆದ ಮೇಲೆ ನಮಗೆ ಬರುವ ರೇಟ್ ಲಿಸ್ಟ್‌ನಲ್ಲಿ ಕೆಲವು ಹಳೇ ಮಾಡೆಲ್‌ಗಳ ಬೆಲೆ ಸಾವಿರ, ಎರಡು ಸಾವಿರ ಮೇಲೆ ಹೋಗಿದೆ. ಬಿಡುಗಡೆಯಾಗಿ ಆರು ತಿಂಗಳಾದ ಫೋನ್‌ನ ಬೆಲೆ ಏರುವುದು ನಾನು ಈ ಕೆಲಸಕ್ಕೆ ಸೇರಿದ ಮೇಲೆ ಅಪರೂಪಕ್ಕೆ ನೋಡಿದ್ದು.

ಅಡಿಕೆ ಲೆಕ್ಕ, ಸಾಗರ

ಅಂಗಡಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಜೊತೆಗೆ ಡಾಲರ್ ಲೆಕ್ಕ ಸೇರಿಸುತ್ತೇನೆ. ನಾನು ಲೆಕ್ಕಪತ್ರ ಬರೆಯುವವನು, ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಐಫೋನ್‌ನ ಬೇಸ್, ಅಂದರೆ ಪ್ರೊ ಅಲ್ಲದ ಸಾಮಾನ್ಯ ಮಾಡೆಲ್‌ಗೆ ಅಮೆರಿಕದಲ್ಲಿ 13ರಿಂದ 17ರವರೆಗೂ 799 ಡಾಲರ್. ಅಲ್ಲಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಒಳಗೇ ಇರುತ್ತದೆ. ಈಗ 17ರ ಲೆಕ್ಕ ನೋಡಿ. ಸೆಪ್ಟೆಂಬರ್‌ನಲ್ಲಿ ಡಾಲರ್ ಸುಮಾರು 88 ರೂಪಾಯಿ ಇತ್ತು. 799ನ್ನು 88ರಿಂದ ಗುಣಿಸಿ, ಮೇಲೆ 18 ಪರ್ಸೆಂಟ್ ಹಾಕಿ. 82,968 ಬರುತ್ತದೆ. ಇಟ್ಟ ಬೆಲೆ 82,900! 16 ಬಂದಾಗ ಡಾಲರ್ 84ರ ಹತ್ತಿರ ಇತ್ತು. ಅದೇ ಲೆಕ್ಕ ಮಾಡಿದರೆ 79,197. ಇಟ್ಟ ಬೆಲೆ 79,900.

ಆದರೆ 2021ಕ್ಕೆ ಹೋಗಿ. ಆಗ ಡಾಲರ್ 73, 74 ರೂಪಾಯಿ. ಲೆಕ್ಕಕ್ಕೆ 69,300ರ ಆಸುಪಾಸು ಬರಬೇಕು. ಬೆಲೆ ಮಾತ್ರ 79,900 ಇತ್ತು. ಅಂದರೆ ಆಗ ಹತ್ತು ಸಾವಿರದಷ್ಟು ಸಡಿಲ ಜಾಗ ಇತ್ತು. ರೂಪಾಯಿ ಬೀಳುತ್ತಾ ಬಂದ ಹಾಗೆ ಆ ಜಾಗ ಕರಗಿತು, ಬೆಲೆ ಕದಲಲಿಲ್ಲ. 16ರ ಹೊತ್ತಿಗೆ ಜಾಗ ಪೂರ್ತಿ ಮುಗಿಯಿತು. ಅದಕ್ಕೇ 17ರಲ್ಲಿ ಬೆಲೆ ಏರಿದ್ದು ಅಂತ ನನ್ನ ಅಭಿಪ್ರಾಯ. ಇನ್ನು ಮುಂದೆ ರೂಪಾಯಿ ಬಿದ್ದರೆ ನೇರ ಫೋನ್ ಬೆಲೆಗೇ ತಾಗುತ್ತದೆ. ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು. 799 ಡಾಲರ್ ಹಾಗೇ ಉಳಿದರೂ ಲೆಕ್ಕ 84,854 ಆಗುತ್ತದೆ. ಮುಂದಿನ ಬೇಸ್ ಐಫೋನ್‌ಗೆ ನನ್ನ ಊಹೆ 84,900, ಅದಕ್ಕಿಂತ ಕೆಳಗೆ ಇಲ್ಲ.

ದುಬಾರಿ ಪ್ರೊ ಮಾಡೆಲ್‌ಗೆ ಈ ಸೂತ್ರ ಹೊಂದುವುದಿಲ್ಲ. 16 ಪ್ರೊ 999 ಡಾಲರ್, ಲೆಕ್ಕಕ್ಕೆ 99,000, ಇಟ್ಟದ್ದು 1,19,900. 17 ಪ್ರೊ 1,099 ಡಾಲರ್, ಲೆಕ್ಕಕ್ಕೆ 1,14,100, ಇಟ್ಟದ್ದು 1,34,900. ಎರಡರಲ್ಲೂ ಇಪ್ಪತ್ತು ಸಾವಿರಕ್ಕಿಂತ ಸ್ವಲ್ಪ ಮೇಲೆ ವ್ಯತ್ಯಾಸ. ಹಾಗಾಗಿ ಪ್ರೊ ಊಹಿಸುವವರು ಸೂತ್ರದ ಮೇಲೆ ಇಪ್ಪತ್ತು ಸಾವಿರ ಸೇರಿಸಿಕೊಳ್ಳಿ.

ಸ್ಟೂಡೆಂಟ್, ಭದ್ರಾವತಿ

ಇಲ್ಲಿ ಎಲ್ಲರೂ ಎಂಬತ್ತು ಸಾವಿರದ ಮಾತು ಆಡುತ್ತಿದ್ದೀರಿ. ನನ್ನ ಹತ್ತಿರ ಇರುವುದು 16,000. ಪಾರ್ಟ್ ಟೈಮ್ ದುಡಿದು ಕೂಡಿಸಿದ್ದು. ನನ್ನಂಥವರಿಗೂ ಒಂದು ಊಹೆ ಹೇಳಿ ಅಣ್ಣಾ. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿಯಿತಲ್ಲ, ಫೋನ್ ಯಾಕೆ ಇಳಿಯಲಿಲ್ಲ?

ಅಡಿಕೆ ಲೆಕ್ಕ, ಸಾಗರ

ಆಗ ಇಳಿದದ್ದು ದೊಡ್ಡ ಟಿವಿ, ಎಸಿ ಮೇಲಿನ ತೆರಿಗೆ ತಮ್ಮಾ, 28ರಿಂದ 18ಕ್ಕೆ. ಫೋನ್ ಆಗಲೇ 18ರಲ್ಲಿ ಇತ್ತು. 2020ರ ಏಪ್ರಿಲ್ 1ರಂದು ಅದನ್ನು 12ರಿಂದ 18ಕ್ಕೆ ಏರಿಸಿದ್ದರು, ಅಲ್ಲಿಂದ ಹಾಗೇ ಇದೆ. ನಿನ್ನ 16,000ದಲ್ಲಿ ಹತ್ತಿರ ಹತ್ತಿರ 2,440 ರೂಪಾಯಿ ತೆರಿಗೆಯೇ.

ನೆಹರು ರಸ್ತೆ ಅಂಗಡಿ, ಶಿವಮೊಗ್ಗ

ತಮ್ಮಾ, ನಿನ್ನ ಪ್ರಶ್ನೆ ಬಹಳ ಮುಖ್ಯ. ಮೆಮೊರಿ ಏರಿದ ಹೊಡೆತ ಜಾಸ್ತಿ ಬೀಳುವುದು ನಿನ್ನ ಬಜೆಟ್ ಮೇಲೆಯೇ. ಒಂದು ಲಕ್ಷದ ಫೋನ್‌ನಲ್ಲಿ ಮೆಮೊರಿಯ ಖರ್ಚು ಸಣ್ಣ ಪಾಲು. ಹದಿನೈದು ಸಾವಿರದ ಫೋನ್‌ನಲ್ಲಿ ಅದೇ ದೊಡ್ಡ ಪಾಲು. ದೊಡ್ಡ ಫೋನ್‌ನವರು ತಮ್ಮ ಲಾಭದಲ್ಲಿ ಸ್ವಲ್ಪ ಬಿಟ್ಟುಕೊಡಬಹುದು. ಇಲ್ಲಿ ಬಿಟ್ಟುಕೊಡಲು ಏನೂ ಇರುವುದಿಲ್ಲ.

ಹಾಗಾಗಿ ನನ್ನ ಊಹೆ ಇದು. 15ರಿಂದ 20 ಸಾವಿರದ ಹೊಸ ಫೋನ್‌ಗಳಲ್ಲಿ ಬೆಲೆ ಅಲ್ಲೇ ಇಟ್ಟು ಮೆಮೊರಿ ಕಡಿಮೆ ಮಾಡುತ್ತಾರೆ. 8 ಜಿಬಿ ರ‍್ಯಾಮ್ ಸಿಗುತ್ತಿದ್ದ ಬೆಲೆಗೆ 6 ಸಿಗುತ್ತದೆ. 256 ಜಿಬಿ ಸಿಗುತ್ತಿದ್ದಲ್ಲಿ 128ಕ್ಕೇ ನಿಲ್ಲಿಸುತ್ತಾರೆ. ತುಂಗಾತೀರದ ಅಣ್ಣ ಹೇಳಿದ ಮಾತೇ, ಉಲ್ಟಾ ದಿಕ್ಕಿನಲ್ಲಿ.

ನೀನು ನೋಡಬೇಕಾದದ್ದು ಮೂರು. ಮೆಮೊರಿ ಕಾರ್ಡ್ ಹಾಕುವ ಜಾಗ ಇದೆಯಾ ಅಂತ ಕೇಳು. ಒಳಗಿನ ಸ್ಟೋರೇಜ್ ಯುಎಫ್‌ಎಸ್ ಅನ್ನುವ ವೇಗದ ಜಾತಿಯದ್ದಾಗಿರಲಿ. ಇಎಂಎಂಸಿ ಅನ್ನುವ ನಿಧಾನದ ಜಾತಿ ಇದ್ದರೆ ಬೇಡ, ಫೋನ್ ಬೇಗ ಎಳೆಯಲು ಶುರು ಮಾಡಬಹುದು. ಇನ್ನು ಬಾಕ್ಸ್ ಮೇಲೆ "8 ಪ್ಲಸ್ 8" ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡ. ಎರಡನೇ 8 ನಿಜವಾದ ರ‍್ಯಾಮ್ ಅಲ್ಲ. ನಿನ್ನ ಸ್ಟೋರೇಜ್‌ನಿಂದಲೇ 8 ಜಿಬಿ ಕಿತ್ತು ರ‍್ಯಾಮ್ ಹಾಗೆ ಬಳಸುವುದು. 128ರ ಫೋನ್‌ನಲ್ಲಿ ಅದು ದೊಡ್ಡ ನಷ್ಟ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಬಹುದು, ಮಾಡು.

ಹಿನ್ನೀರ ಕಡೆಯವಳು, ತುಮರಿ ಹತ್ತಿರ

ಬೆಲೆಯ ಮಾತು ಆಗಲಿ, ನನಗೆ ಜಿಬಿ ಬಗ್ಗೆ ಹೇಳಬೇಕು.

ಕಳೆದ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು. ಹಿನ್ನೀರು ದಾಟಲು ಲಾಂಚ್‌ಗೆ (ದೊಡ್ಡ ದೋಣಿಗೆ) ಕಾಯುವುದು ತಪ್ಪಿತು, ನಮ್ಮ ಪಾಲಿಗೆ ಅದು ಬಹಳ ದೊಡ್ಡದು. ಆದರೆ ಫೋನ್ ಸಿಗ್ನಲ್‌ಗೆ ನಮ್ಮ ಮನೆಯವರು ಇವತ್ತಿಗೂ ಗುಡ್ಡದ ತುದಿಗೆ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಇಂಥಲ್ಲಿ "ಎಲ್ಲಾ ಇಂಟರ್‌ನೆಟ್‌ನ ಕ್ಲೌಡ್‌ನಲ್ಲಿ ಇಡಿ, 64 ಜಿಬಿ ಸಾಕು" ಅನ್ನುವ ಮಾತು ನಡೆಯುವುದಿಲ್ಲ.

ಐದು ವರ್ಷದ ಹಿಂದೆ ನಾನು ಹಾಗೇ ನಂಬಿದ್ದೆ. 32 ಜಿಬಿಯ ಫೋನ್ ಇತ್ತು. ವಾಟ್ಸಾಪ್ ಫೋಟೋ, ಗುಡ್ ಮಾರ್ನಿಂಗ್ ವಿಡಿಯೋ ತುಂಬಿ ತುಂಬಿ ಫೋನ್ ನಿಂತೇ ಹೋಗುತ್ತಿತ್ತು. ಒಂದು ದಿನ ಶಾಲೆಯ ಮಕ್ಕಳಿಗೆ ಪಾಠದ ವಿಡಿಯೋ ಇಳಿಸಬೇಕಿತ್ತು, ಜಾಗ ಇರಲಿಲ್ಲ. ಅವಸರದಲ್ಲಿ ಒಂದು ಫೋಲ್ಡರ್ ಪೂರ್ತಿ ಅಳಿಸಿದೆ. ಅದರೊಳಗೆ ನಮ್ಮ ಅಜ್ಜಿ ಹಾಡಿದ ಸೋಬಾನೆ ಹಾಡುಗಳು ಇದ್ದವು. ಅಕ್ಕನ ಮದುವೆಯ ಚಪ್ಪರದ ದಿನ ಅಡುಗೆಮನೆಯಲ್ಲಿ ಕೂತು ಹಾಡಿದ್ದು, ನಾನೇ ರೆಕಾರ್ಡ್ ಮಾಡಿದ್ದು. ಅಜ್ಜಿ ಈಗ ಇಲ್ಲ. ಹಾಡೂ ಇಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊಸ ಫೋನ್ ತೆಗೆದುಕೊಳ್ಳುವವರು ಯಾರೇ ಆಗಲಿ, ಕ್ಯಾಮೆರಾ ಎಷ್ಟು ಅಂತ ಕೇಳುವ ಮೊದಲು ಜಿಬಿ ಎಷ್ಟು ಅಂತ ಕೇಳಿ.

ಬಯಲಾಟ, ಹೊಸನಗರ

ಅಕ್ಕಾ, ನಿಮ್ಮ ಮಾತು ಓದಿ ಮನಸ್ಸಿಗೆ ಬಹಳ ಬೇಜಾರಾಯಿತು.

ನಾನು ನಮ್ಮ ಕಡೆಯ ಯಕ್ಷಗಾನ ರೆಕಾರ್ಡ್ ಮಾಡಿ ಇಡುವವನು. ಹಳೇ ಭಾಗವತರ ಪದ, ಹಳೇ ವೇಷಧಾರಿಗಳ ಕುಣಿತ ಮುಂದೆ ಸಿಗುವುದಿಲ್ಲ ಅಂತ ಶುರು ಮಾಡಿದ್ದು. ಸ್ಟೋರೇಜ್ ವಿಷಯದಲ್ಲಿ ಲೆಕ್ಕ ಕೊಡುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಯಾವ ಸ್ಪಷ್ಟತೆಯ ವಿಡಿಯೋಗೆ ಎಷ್ಟು ಜಾಗ ಬೇಕು ಅಂತ ಅದರಲ್ಲೇ ಬರೆದಿರುತ್ತದೆ. 1080ಪಿ, 30 ಫ್ರೇಮ್ ಆದರೆ ನಿಮಿಷಕ್ಕೆ 60 ಎಂಬಿ. 4ಕೆ, 30 ಫ್ರೇಮ್ ಆದರೆ 170 ಎಂಬಿ. 4ಕೆ, 60 ಫ್ರೇಮ್ ಆದರೆ 400 ಎಂಬಿ. ಇಡೀ ರಾತ್ರಿಯ ಆಟ ಅಂದರೆ ಎಂಟು ಗಂಟೆ, 480 ನಿಮಿಷ. 1080ಪಿಯಲ್ಲಿ ತೆಗೆದರೆ 29 ಜಿಬಿ. 4ಕೆಯಲ್ಲಿ ತೆಗೆದರೆ 82 ಜಿಬಿ. 128ರ ಫೋನ್‌ನಲ್ಲಿ ಸಿಸ್ಟಂ, ಆ್ಯಪ್ ಎಲ್ಲಾ ಕಳೆದು ಎಷ್ಟು ಉಳಿಯುತ್ತದೆ ಹೇಳಿ. ಒಂದೇ ಒಂದು ಆಟ. ಬೆಳಗಿನ ಜಾವ ಮುಖ್ಯವಾದ ಪಾತ್ರ ರಂಗಕ್ಕೆ ಬರುವ ಹೊತ್ತಿಗೆ "ಸ್ಟೋರೇಜ್ ಫುಲ್" ಅಂತ ಬರುತ್ತದೆ. ನನಗೆ ಎರಡು ಸಲ ಹಾಗೆ ಆಗಿದೆ.

ಆ 29 ಜಿಬಿಯನ್ನು ಕ್ಲೌಡ್‌ಗೆ ಹಾಕೋಣ ಅಂದರೆ, ನಮ್ಮ ಊರಿನಲ್ಲಿ ಮೇಲೆ ಕಳಿಸುವ ಸ್ಪೀಡ್ ಒಳ್ಳೇ ದಿನದಲ್ಲಿ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಕಾಲು ಎಂಬಿ. ಎಡೆಬಿಡದೆ ಕಳಿಸಿದರೂ 32 ಗಂಟೆ ಬೇಕು.

ವಿನೋಬನಗರ, ಶಿವಮೊಗ್ಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಪೇಟೆಯಲ್ಲಿ ಫೈಬರ್ ಇರುವವರಿಗೆ ಕ್ಲೌಡ್ ಕೆಟ್ಟ ದಾರಿ ಅಲ್ಲ. ಗೂಗಲ್‌ನಲ್ಲಿ 100 ಜಿಬಿಗೆ ವರ್ಷಕ್ಕೆ 1,300 ರೂಪಾಯಿ. ನಾಲ್ಕು ವರ್ಷಕ್ಕೆ 5,200. ಐಫೋನ್‌ನಲ್ಲಿ 128ರಿಂದ 256ಕ್ಕೆ ಹೋಗಲು ಹತ್ತು ಸಾವಿರ ಕೊಡಬೇಕಿತ್ತು. ಇನ್ನೂ ಮುಖ್ಯ, ಫೋನ್ ಹೊಳೆಗೆ ಬಿದ್ದರೆ 512 ಜಿಬಿ ಇದ್ದರೂ ಎಲ್ಲಾ ಹೋಯಿತು. ಕ್ಲೌಡ್‌ನಲ್ಲಿದ್ದರೆ ಉಳಿಯುತ್ತದೆ. ಅಕ್ಕನ ಅಜ್ಜಿಯ ಹಾಡು ಇನ್ನೊಂದು ಕಡೆ ಇದ್ದಿದ್ದರೆ ಇವತ್ತೂ ಇರುತ್ತಿತ್ತು.

ಹಿನ್ನೀರ ಕಡೆಯವಳು, ತುಮರಿ ಹತ್ತಿರ

ನೀವು ಹೇಳುವುದು ಸರಿ. ಇನ್ನೊಂದು ಪ್ರತಿ ಬೇಕೇ ಬೇಕು. ಆದರೆ ಆ ಪ್ರತಿ ಕ್ಲೌಡ್‌ನಲ್ಲೇ ಇರಬೇಕಾಗಿಲ್ಲ ಅಲ್ವಾ? ಫ್ರೀ ಕೊಡುತ್ತಿದ್ದದ್ದನ್ನೂ ನಿಲ್ಲಿಸುತ್ತಾ ಬಂದರು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಇಡಬಹುದು ಅಂತಿತ್ತು, 2021ರ ಜೂನ್ 1ರಿಂದ ಅದು 15 ಜಿಬಿಯ ಲೆಕ್ಕಕ್ಕೆ ಬಂತು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದೇ 15 ಜಿಬಿಯೊಳಗೆ. ಜಿಮೇಲ್‌ಗೂ ಅದೇ ಜಾಗ.

ಬಯಲಾಟ, ಹೊಸನಗರ

ನಾನು ಮಾಡುವುದು ಹೇಳುತ್ತೇನೆ. ಬೆಳಿಗ್ಗೆ ಮನೆಗೆ ಬಂದ ಕೂಡಲೇ ಹೊರಗಿನಿಂದ ಜೋಡಿಸುವ ಸಣ್ಣ ಡಿಸ್ಕ್ ಎಸ್‌ಎಸ್‌ಡಿಗೆ ಹಾಕುತ್ತೇನೆ. ಐಫೋನ್ 15ರಿಂದ ಈಚೆಗೆ ಟೈಪ್ ಸಿ ಬಂದಿರುವುದರಿಂದ ನೇರ ಚುಚ್ಚಿದರೆ ಆಯಿತು. ಆಂಡ್ರಾಯ್ಡ್‌ಗೂ ಅದೇ. ತಿಂಗಳಿಗೊಮ್ಮೆ ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿ ಶಿವಮೊಗ್ಗದ ಭಾವನ ಮನೆಯಲ್ಲಿ ಇಡುತ್ತೇನೆ. ಆದರೂ ಒಂದು ರಾತ್ರಿ ತಡೆಯುವಷ್ಟು ಜಾಗ ಫೋನ್‌ನ ಒಳಗೇ ಬೇಕು. ನನಗೆ 256 ಅತಿ ಕಡಿಮೆ, 512 ಆದರೆ ಸಮಾಧಾನ.

ತುಂಗಾತೀರ, ತೀರ್ಥಹಳ್ಳಿ

ಮಾರಾಯ್ರೇ, ಇಷ್ಟು ಒಳ್ಳೆಯ ಮಾತು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

512ರ ಮಾತು ಬಂತಲ್ಲ, ನನ್ನ ಪುಸ್ತಕದಿಂದ ಇನ್ನೊಂದು ಲೆಕ್ಕ. ಐಫೋನ್ 13ರಿಂದ 16ರವರೆಗೆ 128ರಿಂದ 256ಕ್ಕೆ ಏರಲು ಹತ್ತು ಸಾವಿರ, 256ರಿಂದ 512ಕ್ಕೆ ಇಪ್ಪತ್ತು ಸಾವಿರ. ಎರಡೂ ಒಂದೇ, ಜಿಬಿಗೆ 78 ರೂಪಾಯಿ. 17ರಲ್ಲೂ 512ಕ್ಕೆ 1,02,900, ಅದೇ 78. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಎಸ್25 256ಕ್ಕೆ 80,999, 512ಕ್ಕೆ 92,999. ಅಂದರೆ ಜಿಬಿಗೆ 47 ರೂಪಾಯಿ. ಜಾಸ್ತಿ ಜಾಗ ಬೇಕಾದವರಿಗೆ ಇದು ದೊಡ್ಡ ವ್ಯತ್ಯಾಸ. ಚಿಪ್ ರೇಟು ಏರಿರುವಾಗ ಸ್ಯಾಮ್‌ಸಂಗ್ ಈ 47ನ್ನು ಉಳಿಸಿಕೊಳ್ಳುತ್ತದಾ ಅನ್ನುವುದೇ ನನ್ನ ಚಿಂತೆ. ಎಸ್26ರಲ್ಲಿ 256ರ ಬೆಲೆ ಸ್ವಲ್ಪ ಏರಿ, 512ರ ಬೆಲೆ ಜಾಸ್ತಿ ಏರುತ್ತದೆ ಅಂತ ನನ್ನ ಊಹೆ.

ನೆಹರು ರಸ್ತೆ ಅಂಗಡಿ, ಶಿವಮೊಗ್ಗ

ಸ್ಯಾಮ್‌ಸಂಗ್ ಎಸ್ ಸಾಲಿನ ದುಬಾರಿ ಮಾಡೆಲ್ ಅಲ್ಟ್ರಾ ನೋಡಿ ಅಣ್ಣಾ. 12 ಜಿಬಿ ರ‍್ಯಾಮ್, 256 ಜಿಬಿ ಲೆಕ್ಕದಲ್ಲಿ 2022ರ ಎಸ್22 ಅಲ್ಟ್ರಾ 1,09,999. 2023ರಲ್ಲಿ ಎಸ್23 ಅಲ್ಟ್ರಾ 1,24,999. ಎಸ್24 ಅಲ್ಟ್ರಾ 1,29,999. ಎಸ್25 ಅಲ್ಟ್ರಾ ಅದೇ 1,29,999. ಎರಡು ವರ್ಷ ತಡೆದಿದ್ದಾರೆ. ಈ ಸಲ 1,34,999 ಅಥವಾ 1,39,999 ಅಂತ ನನಗೆ ಅನ್ನಿಸುತ್ತದೆ. ಒನ್‌ಪ್ಲಸ್ ಆಗಲೇ ದಾರಿ ತೋರಿಸಿತು. 2025ರ ಜನವರಿಯಲ್ಲಿ ಒನ್‌ಪ್ಲಸ್ 13 69,999ಕ್ಕೆ, ನವೆಂಬರ್‌ನಲ್ಲಿ ಒನ್‌ಪ್ಲಸ್ 15 72,999ಕ್ಕೆ. ಎರಡೂ 12 ಜಿಬಿ, 256 ಜಿಬಿ.

ಮಗಳಿಗೆ ಹಳೇ ಸ್ಯಾಮ್‌ಸಂಗ್ ನೋಡುತ್ತಿದ್ದರೆ ಒಂದು ಎಚ್ಚರ. ಎಸ್23, ಎಸ್24ರಲ್ಲಿ 128 ಜಿಬಿಯ ಫೋನ್‌ಗೆ ಹಾಕಿದ ಸ್ಟೋರೇಜ್ ಯುಎಫ್‌ಎಸ್ 3.1. 256ಕ್ಕೆ ಹಾಕಿದ್ದು 4.0. ಜಾಗ ಮಾತ್ರ ಅಲ್ಲ, ಸ್ಪೀಡೂ ಕಡಿಮೆ. ಹೆಚ್ಚಿನ ಗಿರಾಕಿಗಳಿಗೆ ಇದು ಗೊತ್ತೇ ಇರುವುದಿಲ್ಲ, ನಾವು ಅಂಗಡಿಯವರು ಬಾಯಿಬಿಟ್ಟು ಹೇಳಬೇಕು.

ಸ್ಟೂಡೆಂಟ್, ಭದ್ರಾವತಿ

ಐಫೋನ್ 17ಇ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಅಣ್ಣ ಅದಕ್ಕೇ ಕಾಯುತ್ತಿದ್ದಾನೆ.

ಅಡಿಕೆ ಲೆಕ್ಕ, ಸಾಗರ

16ಇ ಕಳೆದ ಫೆಬ್ರವರಿಯಲ್ಲಿ ಬಂದದ್ದು 59,900ಕ್ಕೆ, 128 ಜಿಬಿ. ಅಮೆರಿಕದಲ್ಲಿ 599 ಡಾಲರ್. ಡಾಲರ್‌ಗೆ 90 ಹಿಡಿದರೆ ಈಗ ಲೆಕ್ಕ 63,600ರ ಹತ್ತಿರ ಬರುತ್ತದೆ. 59,900ಕ್ಕೆ ಮತ್ತೆ ಕೊಟ್ಟರೆ ಅದು 128 ಜಿಬಿಯೇ. 64,900 ಆದರೆ 256 ಜಿಬಿ ಕೊಡಬಹುದು. ಯಾಕೆಂದರೆ 17ಕ್ಕೆ 256 ಕೊಟ್ಟ ಮೇಲೆ 128ರ ಫೋನ್‌ಗೆ ಅರವತ್ತೈದು ಸಾವಿರ ಕೇಳುವುದು ಕಷ್ಟ.

ವಿನೋಬನಗರ, ಶಿವಮೊಗ್ಗ

ನನಗೆ 256 ಕೊಡುತ್ತಾರೆ ಅನ್ನಿಸುವುದಿಲ್ಲ. ಚಿಪ್ ಇಷ್ಟು ದುಬಾರಿ ಆಗಿರುವಾಗ ಡಬಲ್ ಮಾಡುವುದು ಹೇಗೆ? 128ಕ್ಕೇ 62,900 ಅಂತ ನನ್ನ ಊಹೆ.

ಅಡಿಕೆ ಲೆಕ್ಕ, ಸಾಗರ

ಆಗಲಿ, ಇಬ್ಬರದೂ ಬರೆದಿಡೋಣ. ಬಂದ ದಿನ ನೋಡೋಣ.

ತುಂಗಾತೀರ, ತೀರ್ಥಹಳ್ಳಿ

ಕಾಯುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯವರಿಗೆ ಒಂದು ತೊಂದರೆ ಮೊದಲಿಂದ ಇದೆ. ಹೊಸ ಐಫೋನ್ ಬರುವುದು ಸೆಪ್ಟೆಂಬರ್‌ನಲ್ಲಿ. ಅದು ಬಂದ ಕೂಡಲೇ ಹಳೆಯದು ಹತ್ತು ಸಾವಿರ ಇಳಿಯುತ್ತದೆ. 15 ಹಾಗೇ ಇಳಿಯಿತು, 16 ಹಾಗೇ ಇಳಿಯಿತು, ಎರಡೂ 69,900ಕ್ಕೆ. ಆನ್‌ಲೈನ್ ಹಬ್ಬದ ಸೇಲ್ ಕೂಡ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಆಗ ನಮ್ಮ ಕೈ ಖಾಲಿ. ಕೊಳೆ ಔಷಧಿ ಹೊಡೆಸಿ, ಗೊಬ್ಬರ ಹಾಕಿಸಿ, ಕೊಯ್ಲಿಗೆ ಆಳು ಹುಡುಕುವ ಕಾಲ ಅದು. ದುಡ್ಡು ಬರುವುದು ಈಗ. ಫೋನ್ ಅಗ್ಗ ಇರುವಾಗ ನಮ್ಮ ಹತ್ತಿರ ದುಡ್ಡು ಇಲ್ಲ, ದುಡ್ಡು ಇರುವಾಗ ಫೋನ್ ಅಗ್ಗ ಇಲ್ಲ.

ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್ಕೋಸ್‌ನಲ್ಲಿ ಅಡಿಕೆ ಇಟ್ಟು ಧಾರಣೆ ಏರಲಿ ಅಂತ ಕಾಯುತ್ತೇವಲ್ಲ, ಆ ದುಡ್ಡನ್ನು ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳೋಣ ಅಂತ ನಾನು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಇನ್ನು ಯಾವುದೋ ಖರ್ಚು ಬರುತ್ತದೆ. ಈ ವರ್ಷ ಅಂಗಡಿಯ ತಮ್ಮ ಹೇಳುವ ಹಾಗೆ ಸೆಪ್ಟೆಂಬರ್‌ನಲ್ಲೂ ಇಳಿಯದೇ ಹೋದರೆ? ಮುಂದಿನ ಸೆಪ್ಟೆಂಬರ್‌ನಲ್ಲಿ ಪ್ರೊ ಮಾತ್ರ ಬರುತ್ತದೆ, ಬೇಸ್ ಮಾಡೆಲ್ 2027ರ ವಸಂತಕ್ಕೆ ಹೋಗುತ್ತದೆ ಅನ್ನುವ ಸುದ್ದಿ ಬೇರೆ ಓಡಾಡುತ್ತಿದೆ. ಅದು ನಿಜವಾದರೆ 17ರ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ.

ನೆಹರು ರಸ್ತೆ ಅಂಗಡಿ, ಶಿವಮೊಗ್ಗ

ಹಾಗಾದರೆ ನನ್ನ ಸಲಹೆ ಹೇಳುತ್ತೇನೆ, ನಮ್ಮಲ್ಲೇ ತೆಗೆದುಕೊಳ್ಳಿ ಅಂತ ಅಲ್ಲ. ಇಪ್ಪತ್ತು ಸಾವಿರದೊಳಗಿನದು ಬೇಕಾದರೆ ಈಗಲೇ, ಹಳೇ ಸ್ಟಾಕ್ ಇರುವಾಗಲೇ ತೆಗೆದುಕೊಳ್ಳಿ. ಕಳೆದ ವರ್ಷದ ಮಾಡೆಲ್‌ನಲ್ಲಿ 8 ಜಿಬಿ, 256 ಜಿಬಿ ಇದ್ದರೆ ಬಿಡಬೇಡಿ. ದೊಡ್ಡ ಫೋನ್ ಬೇಕಾದರೆ ಒಂದು ತಿಂಗಳು ಕಾಯಿರಿ. ಎಸ್26 ಬಂದ ಕೂಡಲೇ ಎಸ್25ಕ್ಕೆ ಆಫರ್ ಬರುತ್ತದೆ. ಎಸ್25ಕ್ಕೆ ಏಳು ವರ್ಷ ಅಪ್‌ಡೇಟ್ ಇದೆ, ಒಂದು ವರ್ಷ ಕಳೆದರೂ ಆರು ಉಳಿಯುತ್ತದೆ. ಅಷ್ಟು ವರ್ಷ ಇಟ್ಟುಕೊಳ್ಳುವ ಫೋನ್‌ಗೆ 128 ಬೇಡವೇ ಬೇಡ.

ಫೆಬ್ರವರಿ 1ರ ಬಜೆಟ್‌ಗೆ ಕಾಯಬೇಕಾ ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. 2024ರ ಜುಲೈಯಲ್ಲಿ ಆಮದು ಸುಂಕ 20ರಿಂದ 15ಕ್ಕೆ ಇಳಿಸಿದರು. ಆದರೆ ನಾವು ಮಾರುವ ಹೆಚ್ಚಿನ ಫೋನ್ ಇಲ್ಲೇ ಜೋಡಿಸಿದ್ದು. ಅದಕ್ಕೆ ಆ ಸುಂಕದ ಲಾಭ ಅಷ್ಟಾಗಿ ತಟ್ಟುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಪುಸ್ತಕದಲ್ಲಿ ಇವತ್ತಿನ ತಾರೀಖು ಹಾಕಿ ಎಲ್ಲರ ಊಹೆ ಬರೆದೆ. ಎಸ್26 ಅಲ್ಟ್ರಾ 256ಕ್ಕೆ ಅಂಗಡಿಯವರು 1,34,999 ಅಥವಾ 1,39,999. 17ಇಗೆ ಸಾಗರದವರು 64,900ಕ್ಕೆ 256, ವಿನೋಬನಗರದವರು 62,900ಕ್ಕೆ 128. ಮುಂದಿನ ಬೇಸ್ ಐಫೋನ್ 84,900. ಎಸ್26 256ಕ್ಕೆ ನನ್ನದು 84,999.

ಅಪ್ಪಯ್ಯನಿಗೆ ಈ ವಾರವೇ ಕಾರ್ಡ್ ಹಾಕುವ ಫೋನ್ ತರುತ್ತೇನೆ. ತೋಟದಲ್ಲಿ ಎಲೆಚುಕ್ಕಿ ರೋಗ ಬಂದ ಗರಿಗಳ ಫೋಟೋ ತೆಗೆದು ಕಳಿಸುವುದು ಅವರೇ, ಈಗಿನ ಫೋನ್‌ನಲ್ಲಿ ಜಾಗ ಇಲ್ಲ. ಮಗಳಿಗೆ ಎಸ್25 256ಕ್ಕೆ ಒಂದು ತಿಂಗಳು ಕಾಯುವುದು ಅಂತ ಮಾತಾಯಿತು. ನನ್ನದು ಇನ್ನೊಂದು ವರ್ಷ ಓಡುತ್ತದೆ.

ಸ್ಟೂಡೆಂಟ್, ಭದ್ರಾವತಿ

ತೆಗೆದುಕೊಂಡೆ ಅಣ್ಣಾ. ಕಳೆದ ವರ್ಷದ ಮಾಡೆಲ್, 8 ಜಿಬಿ, 128 ಜಿಬಿ, ಕಾರ್ಡ್ ಹಾಕುವ ಜಾಗ ಇದೆ. ಯುಎಫ್‌ಎಸ್ 2.2 ಅಂತ ಕೇಳಿ ಖಾತ್ರಿ ಮಾಡಿಕೊಂಡೆ. ಆ "ಪ್ಲಸ್ 8" ಆಫ್ ಮಾಡಿದೆ. 15,499 ಆಯಿತು. ಉಳಿದ ದುಡ್ಡಿಗೆ ಮೇಲೆ ಸ್ವಲ್ಪ ಹಾಕಿ ಬಿಲ್ ಸಮೇತ 64 ಜಿಬಿ ಕಾರ್ಡ್ ತಂದೆ.

ಬಯಲಾಟ, ಹೊಸನಗರ

ಹಿನ್ನೀರಿನ ಅಕ್ಕಾ, ಒಂದು ಕೇಳಬೇಕು ಅಂತಿದ್ದೆ. ನಿಮ್ಮ ಅಜ್ಜಿಯ ಹಾಡುಗಳು ಬೇರೆ ಯಾರಿಗಾದರೂ ಬರುತ್ತವಾ? ನನ್ನ ಹತ್ತಿರ ಒಳ್ಳೆಯ ಮೈಕ್ ಇದೆ.

ಹಿನ್ನೀರ ಕಡೆಯವಳು, ತುಮರಿ ಹತ್ತಿರ

ಬರುತ್ತವೆ. ಅಜ್ಜಿಯ ತಂಗಿ ಕೊಪ್ಪದ ಹತ್ತಿರ ಇದ್ದಾರೆ. ಎಂಬತ್ತು ದಾಟಿದೆ. ಸ್ವರ ಸಣ್ಣದಾಗಿದೆ, ಆದರೆ ಸಾಲು ಮರೆತಿಲ್ಲ ಅಂತ ಚಿಕ್ಕಮ್ಮ ಹೇಳಿದರು. ಶನಿವಾರ ಹೋಗುತ್ತಿದ್ದೇನೆ. ಬರೀ ಧ್ವನಿ ಆದರೆ ನಿಮಿಷಕ್ಕೆ ಒಂದು ಎಂಬಿ ಸಾಕು ಅಂತ ನೋಡಿದೆ, ಮೂರು ಗಂಟೆ ಹಾಡಿದರೂ 180 ಎಂಬಿ. ಈಗಿನ ಫೋನ್‌ನಲ್ಲೇ ಆಗುತ್ತದೆ. ಮೈಕ್ ಕೊಡುವುದಾದರೆ ಶುಕ್ರವಾರ ಸಂಜೆ ಹೊಸನಗರ ಬಸ್ ಸ್ಟ್ಯಾಂಡ್‌ಗೆ ಬರುತ್ತೇನೆ. ಒಂದು ಪ್ರತಿ ನಿಮ್ಮ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ.